ಸೋತ ಸ್ಲ್ಯಾಮ್ ತಲೆಯಿಂದ ಇಳಿಯುತ್ತಿಲ್ಲ. ಕಾಲೇಜಿನಲ್ಲಿದ್ದು ಬ್ರಿಜ್ ಆಡುವವರು ಯಾರಾದರೂ ಇದ್ದೀರಾ?

ಹದಿಮೂರು ಎಲೆ
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಹಾಸ್ಟೆಲಿನ ಸೀನಿಯರ್ ಒಬ್ಬರು ಹಚ್ಚಿದ ಹುಚ್ಚಿನಿಂದ ಎರಡು ವರ್ಷಗಳಿಂದ ಬ್ರಿಜ್ (ಇಬ್ಬಿಬ್ಬರ ಜೋಡಿಯಾಗಿ ಆಡುವ ಇಸ್ಪೀಟಿನಾಟ) ಸ್ಪರ್ಧೆಗಳಲ್ಲಿ ಆಡುತ್ತಿದ್ದೇನೆ. ನನ್ನ ಜೊತೆಗಾರ ಹುಬ್ಬಳ್ಳಿಯವನು, ನನ್ನದೇ ತರಗತಿ.

ಮೂರು ವಾರದ ಹಿಂದೆ ಬೇರೆ ಊರಿನಲ್ಲಿ ತಂಡಗಳ ಪಂದ್ಯವಿತ್ತು. ಕೊನೆಯ ಸುತ್ತಿನಲ್ಲಿ ಆರು ಇಸ್ಪೀಟ್ ಕಾಂಟ್ರಾಕ್ಟನ್ನು, ಅಂದರೆ ಇಸ್ಪೀಟ್ ಬಣ್ಣ ತುರುಪಾಗಿ ಹದಿಮೂರರಲ್ಲಿ ಹನ್ನೆರಡು ಟ್ರಿಕ್ (ನಾಲ್ಕು ಎಲೆಗಳ ಸುತ್ತು) ಗೆಲ್ಲುತ್ತೇವೆ ಎಂದು ಕೂಗಿದ ಸ್ಲ್ಯಾಮನ್ನು, ನಾನು ಆಡಬೇಕಾಗಿ ಬಂತು. ಕಳಾವರ್ ರಾಣಿ ಯಾರ ಕೈಯಲ್ಲಿದೆ ಎಂಬ ಒಂದೇ ಪ್ರಶ್ನೆ ಉಳಿದಿತ್ತು. ತಪ್ಪು ಕಡೆ ಹುಡುಕಿದೆ, ಒಂದು ಟ್ರಿಕ್ ಕಡಿಮೆ ಬಿತ್ತು. ಇನ್ನೊಂದು ಟೇಬಲಿನಲ್ಲಿ ಅದೇ ಎಲೆಗಳಿಗೆ ಅದೇ ಕಾಂಟ್ರಾಕ್ಟ್ ಗೆದ್ದಿತು. ಅವರಿಗೆ 1430, ನಮಗೆ ಮೈನಸ್ 100. ಒಂದೇ ಬೋರ್ಡಿನಲ್ಲಿ, ಅಂದರೆ ಒಂದೇ ಹಂಚಿಕೆಯಲ್ಲಿ, 17 ಇಂಪ್ (ತಂಡಗಳ ಪಂದ್ಯದ ಅಂಕ) ಹೋಯಿತು. ಪಂದ್ಯ ಸೋತದ್ದು 11 ಇಂಪ್‌ಗಳಿಂದ. ಕೂಡಿ ಕಳೆಯಲು ಬರುವ ಯಾರಿಗಾದರೂ ಇದು ಯಾರ ತಪ್ಪು ಎಂದು ತಿಳಿಯುತ್ತದೆ.

ಅಂದಿನಿಂದ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ. ಕಣ್ಣು ಬಿಟ್ಟರೆ ಆ ಡಮ್ಮಿ (ಮೇಜಿನ ಮೇಲೆ ತೆರೆದಿಟ್ಟ ಜೊತೆಗಾರನ ಎಲೆಗಳು) ಎದುರಿಗಿರುತ್ತದೆ. ತರಗತಿಯಲ್ಲಿ ಪುಸ್ತಕದ ಕೊನೆಯ ಹಾಳೆಯಲ್ಲಿ ಆ ಇಪ್ಪತ್ತಾರು ಎಲೆಗಳನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಊಟ ಸೇರುವುದಿಲ್ಲ. ಜೊತೆಗಾರ ರೈಲಿನಲ್ಲಿ ಬರುವಾಗ ಒಂದು ಮಾತೂ ಆಡಲಿಲ್ಲ, ಈಗಲೂ ‘ಹೂಂ’, ‘ಸರಿ’ ಅಷ್ಟೇ. ಮನೆಯಲ್ಲಿ ಹೇಳುವ ಹಾಗೂ ಇಲ್ಲ. ಟೆಕ್ ಫೆಸ್ಟ್‌ಗೆ ಹೋಗಿದ್ದೆ ಎಂದು ಸುಳ್ಳು ಹೇಳಿದ್ದೆ. ಇಸ್ಪೀಟು ಆಡಿ ಸೋತು ನಿದ್ದೆ ಬರುತ್ತಿಲ್ಲ ಎಂದು ಅಪ್ಪನಿಗೆ ಹೇಗೆ ಹೇಳಲಿ?

ಇದು ನನಗೊಬ್ಬನಿಗೇ ಆಗುತ್ತಿದೆಯೇ?

ನೇರಮಾತು
ಇಸ್ಪೀಟು ಆಡಿದರೆ ತಲೆ ಕೆಡದೆ ಇನ್ನೇನಾಗುತ್ತದೆ? ಎಲೆ ಬಿಸಾಡಿ ಪುಸ್ತಕ ತೆಗೆಯಿರಿ. ಮುಗಿಯಿತು.

ಕಳಾವರ್ ರಾಣಿ
ಬಂದರು ನೋಡಿ. ನಾನು ಎಣಿಸುತ್ತಿದ್ದೆ, ಮೊದಲ ಉತ್ತರಕ್ಕೇ ಬಂತು.

(ನನ್ನ ಹೆಸರು ನೋಡಿ ಬೇಸರಿಸಬೇಡಿ ಹದಿಮೂರು ಎಲೆ, ಈ ಹೆಸರು ಇಟ್ಟುಕೊಂಡು ನಾಲ್ಕು ವರ್ಷವಾಯಿತು. ನಿಮ್ಮ ಆ ರಾಣಿ ನಾನಲ್ಲ.)

ಮಲ್ಲೇಶ್ವರದ ಹಳಬ
ನೇರಮಾತು ಅವರೇ, ನಾನು ಬ್ರಿಜ್ ಆಡಲು ಶುರು ಮಾಡಿ ನಲವತ್ತು ವರ್ಷ ದಾಟಿತು. ಈ ಮಾತನ್ನು ನನ್ನ ಮಾವನವರಿಂದಲೇ ಸಾಕಷ್ಟು ಕೇಳಿದ್ದೇನೆ. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಹೇಳುವಾಗ ಹೋಲಿಕೆಗೆ ತೆಗೆದುಕೊಂಡದ್ದೇ ಬ್ರಿಜ್ ಆಟವನ್ನು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಜೋಡಿ ಭಾರತಕ್ಕೆ ಚಿನ್ನ ತಂದಿತು. ಹಾಂಗ್‌ಝೌನಲ್ಲಿ ಪುರುಷರ ತಂಡಕ್ಕೆ ಬೆಳ್ಳಿ ಬಂತು. ಇದು ಓಣಿಯ ಅಂದರ್ ಬಾಹರ್ ಅಲ್ಲ.

ಇನ್ನು ಹುಡುಗನ ವಿಷಯ. ಬ್ರಿಜ್ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅವನ ಸಂಕಟ ಅರ್ಥವಾಗುವುದಿಲ್ಲ. ಮನೆಯಲ್ಲಿ ರಮ್ಮಿ ಸೋತವನು ‘ಎಲೆಯೇ ಬರಲಿಲ್ಲ’ ಎಂದು ಬೈದುಕೊಂಡು ಮಲಗುತ್ತಾನೆ, ಬೆಳಗ್ಗೆ ಮರೆಯುತ್ತಾನೆ. ಸ್ಪರ್ಧೆಗಳಲ್ಲಿ ಆಡುವ ಡ್ಯೂಪ್ಲಿಕೇಟ್ ಬ್ರಿಜ್ ಆ ನೆಪವನ್ನೇ ಕಿತ್ತುಕೊಂಡಿದೆ. ನಿಮಗೆ ಬಂದ ಅದೇ ಹದಿಮೂರು ಎಲೆಗಳು ಇನ್ನೊಂದು ಟೇಬಲಿನಲ್ಲಿ ಇನ್ನೊಬ್ಬನಿಗೂ ಬಂದಿರುತ್ತವೆ. ಅವನು ಗೆದ್ದ, ನೀನು ಸೋತೆ. ಈಗ ಸಾಲದ್ದಕ್ಕೆ ಕಂಪ್ಯೂಟರ್ ಮುದ್ರಿಸಿ ಕೊಡುವ ಹಾಳೆಯಲ್ಲಿ ‘ಇಲ್ಲಿ 12 ಟ್ರಿಕ್ ಸಾಧ್ಯವಿತ್ತು’ ಎಂದು ಬೇರೆ ಬರೆದಿರುತ್ತದೆ. ಆ ಯಂತ್ರ ನಾಲ್ಕೂ ಕೈಗಳನ್ನು ತೆರೆದಿಟ್ಟುಕೊಂಡು ನೋಡಿ ಹೇಳುವುದು. ಹುಡುಗರು ಅದನ್ನು ತೀರ್ಪು ಎಂದು ಓದುತ್ತಾರೆ. ನಮ್ಮ ಕಾಲದಲ್ಲಿ ಆ ಹಾಳೆ ಇರಲಿಲ್ಲ, ಕಾಫಿ ಕುಡಿಯುತ್ತಾ ಜಗಳವಾಡಿ ಮನೆಗೆ ಹೋಗುತ್ತಿದ್ದೆವು.

ಲೆಕ್ಕದ ಮೇಷ್ಟ್ರು
ಹದಿಮೂರು ಎಲೆ, ಕಳಾವರ್ ನಿಮ್ಮಲ್ಲಿ ಹೇಗಿತ್ತು? ಎದುರಾಳಿಗಳ ಕೈ ಎಣಿಸಿದ್ದಿರಾ?

ಶಿರಸಿಯ ಅಮ್ಮ
ಮೇಷ್ಟ್ರೇ, ಹುಡುಗ ಮೂರು ವಾರದಿಂದ ನಿದ್ದೆ ಮಾಡಿಲ್ಲ ಎನ್ನುತ್ತಿದ್ದಾನೆ. ನೀವು ಅದೇ ಎಲೆ ಮತ್ತೆ ಹಾಕಿಸುತ್ತಿದ್ದೀರಲ್ಲ!

ಮಗೂ, ನನ್ನ ಮಗನೂ ಹೀಗೆಯೇ ಮುಚ್ಚಿಟ್ಟಿದ್ದ. ಪಕ್ಕದ ಮನೆಯವರು ಪತ್ರಿಕೆಯಲ್ಲಿ ಫೋಟೋ ನೋಡಿ ಹೇಳಿದಾಗ ನನಗೆ ಗೊತ್ತಾಯಿತು. ಆಟ ಆಡಿದ್ದಕ್ಕೆ ಕೋಪ ಬರಲಿಲ್ಲ, ಎರಡು ವರ್ಷ ಸುಳ್ಳು ಹೇಳಿದ್ದಕ್ಕೆ ಬಂತು. ನಮ್ಮ ಕಡೆ ಮದುವೆಯ ಹಿಂದಿನ ರಾತ್ರಿ ಚಪ್ಪರದಲ್ಲಿ ಬೆಳಗಾಗುವವರೆಗೆ ಇಸ್ಪೀಟು ಆಡುವ ಗಂಡಸರೇ ಮಕ್ಕಳ ಕೈಯಲ್ಲಿ ಎಲೆ ಕಂಡರೆ ಬೈಯುತ್ತಾರೆ. ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ಅಪ್ಪನಿಗೆ ಹೇಳಲು ಆಗದಿದ್ದರೆ ಅಮ್ಮನಿಗೆ ಹೇಳು. ಆಟದ ವಿಷಯ ಆಮೇಲಾಗಲಿ, ಮೊದಲು ನಿದ್ದೆ ಬರುತ್ತಿಲ್ಲ ಎಂದು ಹೇಳು.

ಕಾಲಾಳು
ನಾನು ಚೆಸ್ ಆಡುವವನು, ವಿಶ್ವವಿದ್ಯಾಲಯದ ತಂಡದಲ್ಲಿದ್ದೇನೆ. ಬ್ರಿಜ್‌ನವರು ಸ್ವಲ್ಪ ಅತಿ ಮಾಡುತ್ತೀರಿ ಎನಿಸುತ್ತದೆ. ನಮಗೂ ಎಂಜಿನ್ ಇದೆ, ಪ್ರತಿ ನಡೆಗೂ ‘ಇದು ಪ್ರಮಾದ’ ಎಂದು ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಒಂದು ವಾರ ಉರಿಯುತ್ತದೆ, ಮುಂದಿನ ಪಂದ್ಯ ಬಂದಾಗ ಮರೆತುಹೋಗುತ್ತದೆ.

ಕಳಾವರ್ ರಾಣಿ
ಕಾಲಾಳು, ಚೆಸ್‌ನಲ್ಲಿ ನೀವು ಕುದುರೆ ಕಳೆದುಕೊಂಡರೆ ಕುದುರೆ ಬಂದು ನಿಮ್ಮ ಮೆಸ್ಸಿನಲ್ಲಿ ಎದುರಿಗೆ ಕೂತು ಊಟ ಮಾಡುವುದಿಲ್ಲ. ಇಲ್ಲಿ ವ್ಯತ್ಯಾಸವಿರುವುದೇ ಅದರಲ್ಲಿ. ನಾವು ಸೋಲುವುದು ಒಬ್ಬ ಗೆಳೆಯನ ಕಣ್ಣೆದುರು, ಅವನನ್ನೂ ಸೋಲಿಸುತ್ತಾ.

ನನ್ನ ಕಥೆ ಹೇಳುತ್ತೇನೆ. ಎರಡನೇ ವರ್ಷದ ಪದವಿಯಲ್ಲಿದ್ದಾಗ ನಾನು ಒಂದು ಬಿಡ್ ಮಾಡಲು (ಎಷ್ಟು ಟ್ರಿಕ್ ಗೆಲ್ಲುತ್ತೇವೆ ಎಂದು ಕೂಗಲು) ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಪಾಸ್ ಕೊಟ್ಟೆ. ನನ್ನ ಜೊತೆಗಾರ್ತಿ ಮುಂದೆ ಬಿಡ್ ಮಾಡಿದಳು. ಎದುರಿಗಿದ್ದ ಅರವತ್ತರ ಹಿರಿಯರು ತಕ್ಷಣ ಕೈಯೆತ್ತಿ ‘ಡೈರೆಕ್ಟರ್’ ಎಂದು ಸ್ಪರ್ಧೆಯ ತೀರ್ಪುಗಾರರನ್ನು ಕೂಗಿದರು. ಬ್ರಿಜ್‌ನಲ್ಲಿ ಜೊತೆಗಾರರು ತಡೆದು ಆಡಿದರು ಎಂಬುದರಿಂದ ಸುಳಿವು ಹಿಡಿದು ಲಾಭ ಪಡೆಯುವಂತಿಲ್ಲ, ಹದಿನಾರನೇ ನಿಯಮ ಅದನ್ನೇ ಹೇಳುತ್ತದೆ. ಆದರೆ ಹತ್ತೊಂಬತ್ತು ವರ್ಷದವಳಿಗೆ ಇಡೀ ಸಭಾಂಗಣ ತಿರುಗಿ ನೋಡಿದಾಗ ಕಿವಿಗೆ ಬಿದ್ದದ್ದು ‘ಕಳ್ಳಿ’ ಎಂಬ ಒಂದೇ ಮಾತು, ಅದನ್ನು ಯಾರೂ ಹೇಳಿರಲಿಲ್ಲ. ಶೌಚಾಲಯದಲ್ಲಿ ಅರ್ಧ ಗಂಟೆ ಅತ್ತೆ. ಅಲ್ಲಿಂದ ಮುಂದೆ ಆರು ತಿಂಗಳು ನಾನು ಯೋಚಿಸುವುದನ್ನೇ ಬಿಟ್ಟೆ. ತಡೆದರೆ ತಪ್ಪು ತಿಳಿಯುತ್ತಾರೆ ಎಂದು ಬಾಯಿಗೆ ಬಂದ ಬಿಡ್ ಮಾಡುತ್ತಿದ್ದೆ. ಆಟ ಹಾಳಾಯಿತು, ಎದೆ ಡವಡವ ಅನ್ನುವುದು ಮಾತ್ರ ನಿಲ್ಲಲಿಲ್ಲ.

ಡೈರೆಕ್ಟರನ್ನು ಕರೆಯುವುದು ಕ್ರಿಕೆಟ್‌ನಲ್ಲಿ ಮೂರನೇ ಅಂಪೈರಿಗೆ ಕಳಿಸಿದ ಹಾಗೆ, ಯಾರ ಮೇಲೂ ದೂರಲ್ಲ ಎಂದು ನನಗೆ ಯಾರಾದರೂ ಮೊದಲ ದಿನವೇ ಹೇಳಬೇಕಾಗಿತ್ತು.

ಮಲ್ಲೇಶ್ವರದ ಹಳಬ
ತಾಯೀ, ಆ ಹಿರಿಯರ ಜಾಗದಲ್ಲಿ ನಾನೇ ಇದ್ದಿರಬಹುದು. ನಿಯಮ ಸರಿ, ಕೂಗಿದ ಧ್ವನಿ ತಪ್ಪು. ಎದುರಾಳಿಗೋ ಜೊತೆಗಾರನಿಗೋ ಮುಜುಗರವಾಗುವ ಮಾತು, ನಡತೆ ಕೂಡದು ಎಂದು ಎಪ್ಪತ್ತನಾಲ್ಕನೇ ನಿಯಮವೂ ಹೇಳುತ್ತದೆ. ಹದಿನಾರು ಎಲ್ಲರಿಗೂ ಬಾಯಿಪಾಠ, ಎಪ್ಪತ್ತನಾಲ್ಕು ಯಾರಿಗೂ ನೆನಪಿಲ್ಲ.

ಸುಮ್ಮನೆ ಓದುಗ
ಬ್ರಿಜ್ ಎಂದರೆ ನಮ್ಮ ಮಂಗಳೂರು ಕಡೆಯ ಇಪ್ಪತ್ತೆಂಟು ಆಟದ ಹಾಗೆಯೇ?

ಲೆಕ್ಕದ ಮೇಷ್ಟ್ರು
ತುರುಪು, ಜೋಡಿ, ಕೂಗುವುದು ಇವಿಷ್ಟು ಹೋಲಿಕೆ. ಇಪ್ಪತ್ತೆಂಟಿನಲ್ಲಿ ಗುಲಾಮ ದೊಡ್ಡವನು, ತುರುಪನ್ನು ಮುಚ್ಚಿಡುತ್ತಾರೆ. ಬ್ರಿಜ್‌ನಲ್ಲಿ 52 ಎಲೆಯನ್ನೂ ಹಂಚುತ್ತಾರೆ, ಎಕ್ಕವೇ ದೊಡ್ಡದು, ತುರುಪು ಎಲ್ಲರಿಗೂ ಗೊತ್ತಿರುತ್ತದೆ, ಒಬ್ಬನ ಕೈ ಮೇಜಿನ ಮೇಲೆ ತೆರೆದಿರುತ್ತದೆ. ಅದೇ ಡಮ್ಮಿ.

ಹದಿಮೂರು ಎಲೆ ಇನ್ನೂ ಉತ್ತರ ಕೊಟ್ಟಿಲ್ಲ.

ಮೈಸೂರು ಮನೋವೈದ್ಯೆ
ನನಗೆ ಬ್ರಿಜ್ ಬರುವುದಿಲ್ಲ, ಈ ಚರ್ಚೆ ಓದಿ ಅರ್ಧ ಕಲಿತೆ. ಪರೀಕ್ಷೆ ಮಾಡದೆ ಯಾರಿಗೂ ಕಾಯಿಲೆಯ ಹೆಸರಿಡಬಾರದು, ನಾನೂ ಇಡುವುದಿಲ್ಲ. ಆದರೆ ಹದಿಮೂರು ಎಲೆ ಬರೆದದ್ದರಲ್ಲಿ ಮೂರು ವಿಷಯ ಕಂಡವು: ಮೂರು ವಾರ, ನಸುಕಿನ ಎಚ್ಚರ, ಸೇರದ ಊಟ. ಸೋತ ಬೇಸರ ಎಲ್ಲರಿಗೂ ಇರುತ್ತದೆ. ಅದು ಎರಡು ವಾರ ಮೀರಿ, ದಿನದ ಹೆಚ್ಚು ಹೊತ್ತು ಕೂತು, ನಿದ್ದೆ ಊಟಕ್ಕೂ ಕೈ ಹಾಕಿದರೆ ‘ತಾನಾಗಿ ಹೋಗುತ್ತದೆ’ ಎಂದು ಕಾಯಬಾರದು.

ಒಂದೇ ಘಟನೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವುದು ಯೋಚನೆಯಂತೆ ಕಾಣುತ್ತದೆ, ಆದರೆ ಅದರಿಂದ ಹೊಸದೇನೂ ಹುಟ್ಟುವುದಿಲ್ಲ. ಬ್ರಿಜ್‌ನವರಿಗೆ ಇದು ಹೆಚ್ಚು ಮೋಸ ಮಾಡುತ್ತದೆ ಎನಿಸುತ್ತದೆ, ಏಕೆಂದರೆ ನಿಮ್ಮ ಆಟದಲ್ಲಿ ಮುಗಿದ ಕೈಯನ್ನು ಚರ್ಚಿಸುವುದೇ ಕಲಿಕೆ. ಕಲಿಯುತ್ತಿದ್ದೇನೆ ಎಂದುಕೊಂಡೇ ಮನಸ್ಸು ತನ್ನನ್ನು ತಾನು ಹೊಡೆದುಕೊಳ್ಳುತ್ತಿರುತ್ತದೆ. ಬೇಕಾದರೆ ಒಂದು ಸಲ ಕಾಗದದ ಮೇಲೆ ಬರೆದು, ಬಲ್ಲವರೊಬ್ಬರಿಗೆ ತೋರಿಸಿ, ಮುಚ್ಚಿಡಿ.

ಈಗ ನೇರವಾಗಿ ಕೇಳುತ್ತೇನೆ, ಕೇಳುವುದರಿಂದ ಕೆಡುಕಾಗುವುದಿಲ್ಲ: ಬದುಕಿರುವುದೇ ಬೇಡ ಎಂಬ ಯೋಚನೆ ಬಂದಿದೆಯೇ? ಬಂದಿದ್ದರೆ ಈ ಚರ್ಚೆ ಬಿಟ್ಟು ಈಗಲೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬಂದಿರದಿದ್ದರೂ ಕರೆ ಮಾಡಬಹುದು, ನಿದ್ದೆ ಬರುತ್ತಿಲ್ಲ ಎಂಬುದೇ ಸಾಕಾದ ಕಾರಣ.

ಹದಿಮೂರು ಎಲೆ
ಎಲ್ಲರಿಗೂ ಧನ್ಯವಾದ. ಇಷ್ಟು ಜನ ಬರೆಯುತ್ತಾರೆ ಎಂದುಕೊಂಡಿರಲಿಲ್ಲ.

ಮೇಡಂ, ಅಂಥ ಯೋಚನೆ ಬಂದಿಲ್ಲ. ‘ನಾನು ಇಲ್ಲದಿದ್ದರೆ ತಂಡ ಗೆಲ್ಲುತ್ತಿತ್ತು’ ಎಂಬುದು ಮಾತ್ರ ತಲೆಯಲ್ಲಿದೆ. ಕಾಲೇಜಿನಲ್ಲಿ ಆಪ್ತ ಸಮಾಲೋಚಕರು ಇದ್ದಾರೆ ಎಂದು ಫಲಕವಿದೆ. ಕೋಣೆಗೆ ಎರಡು ಸಲ ಹೋದೆ, ಬೀಗ ಹಾಕಿತ್ತು. ಜೊತೆಗೆ 85 ಶೇಕಡಾ ಹಾಜರಿಯ ಚಿಂತೆ. ಪಂದ್ಯಕ್ಕೆ ಹೋದ ನಾಲ್ಕು ದಿನಕ್ಕೆ ಹಾಜರಿ ಕೇಳಿದರೆ ‘ಕ್ರಿಕೆಟ್ಟೋ ಕಬಡ್ಡಿಯೋ ಆದರೆ ಕೊಡಬಹುದಿತ್ತು’ ಎಂದು ನಕ್ಕರು.

ಮೇಷ್ಟ್ರೇ, ಒಂದು ಸಲ ಕಾಗದದ ಮೇಲೆ ಬರೆಯಿರಿ ಎಂದು ಮೇಡಂ ಹೇಳಿದ್ದಾರೆ, ಅದನ್ನು ಇಲ್ಲೇ ಬರೆಯುತ್ತೇನೆ. ಡಮ್ಮಿಯಲ್ಲಿ ಕಳಾವರ್ ಎಕ್ಕ, ಗುಲಾಮ ಮತ್ತೆ ಎರಡು ಸಣ್ಣವು. ನನ್ನಲ್ಲಿ ರಾಜ, ಹತ್ತು, ಒಂದು ಸಣ್ಣದು. ಎಡಗಡೆಯವರು ಎರಡು ಹಾರ್ಟ್ ಎಂದು ಬಿಡ್ ಶುರು ಮಾಡಿದ್ದರು, ಅಂದರೆ ಅವರ ಕೈಯಲ್ಲಿ ಆರು ಹಾರ್ಟ್. ಇಸ್ಪೀಟು ಎರಡು ಆಡಿದರು. ಡೈಮಂಡ್ ಮೂರು ಸುತ್ತು ಆಡಿ ನಾಲ್ಕನೆಯದಕ್ಕೆ ಇಲ್ಲವೆಂದರು. ನಾನು ಬಲಗಡೆಯವರ ಹತ್ತಿರ ರಾಣಿಯಿದೆ ಎಂದು ಫಿನೆಸ್ ಮಾಡಿದೆ (ದೊಡ್ಡ ಎಲೆ ಉಳಿಸಿಕೊಂಡು ಚಿಕ್ಕದರಿಂದ ಗೆಲ್ಲಲು ನೋಡಿದೆ). ಎಡಗಡೆಯವರು ನಗುತ್ತಾ ರಾಣಿ ಹಾಕಿದರು.

ಲೆಕ್ಕದ ಮೇಷ್ಟ್ರು
ಆರು, ಎರಡು, ಮೂರು: ಹನ್ನೊಂದು. ಎಡಗಡೆಯವರ ಬಳಿ ಕಳಾವರ್ ಎರಡೇ. ಹೊರಗಿದ್ದದ್ದು ಆರು, ಬಲಗಡೆ ನಾಲ್ಕು. ಆರು ಎಲೆಗಳಲ್ಲಿ ಒಂದು ರಾಣಿ. ಅದು ನಾಲ್ಕು ಇರುವ ಕೈಯಲ್ಲಿರುವ ಸಂಭವ ಮೂರರಲ್ಲಿ ಎರಡು ಪಾಲು.

ತಮ್ಮಾ, ನೀನು ಸರಿಯಾಗಿ ಆಡಿದ್ದೀಯೆ! ಇಪ್ಪತ್ತು ವರ್ಷ ಆಡಿದವರೂ ಆ ಒತ್ತಡದಲ್ಲಿ ನಾಲ್ಕೂ ಬಣ್ಣ ಎಣಿಸುವುದಿಲ್ಲ. ಇನ್ನೊಂದು ಟೇಬಲಿನಲ್ಲಿ ಆ ಎರಡು ಹಾರ್ಟ್ ಬಿಡ್ ಆಗಿತ್ತೇ?

ಹದಿಮೂರು ಎಲೆ
ಇಲ್ಲ. ಅಲ್ಲಿ ಎಡಗಡೆಯವರು ಪಾಸ್ ಮಾಡಿದ್ದರು. ಆಡಿದವರು ಎಕ್ಕ, ರಾಜ ಬಡಿದರಂತೆ, ರಾಣಿ ಬಿದ್ದಿತಂತೆ.

ಲೆಕ್ಕದ ಮೇಷ್ಟ್ರು
ಹಾಗಾದರೆ ಎಣಿಸದವನು ಗೆದ್ದ, ಎಣಿಸಿದವನು ಸೋತ. ಅದೇ ಕೈ ಮತ್ತೆ ಬಂದರೆ ಮತ್ತೆ ಹಾಗೆಯೇ ಆಡು.

ಕಾಲಾಳು
ಇದು ಚೆಸ್‌ನಲ್ಲಿ ಇಲ್ಲ, ಒಪ್ಪಿದೆ. ಸರಿಯಾದ ನಡೆ ಆಡಿಯೂ ಅದೇ ಕಾರಣಕ್ಕೆ ಸೋಲುವುದು ನಮಗೆ ಬರುವುದಿಲ್ಲ. ಮೇಲಿನ ‘ಅತಿ ಮಾಡುತ್ತೀರಿ’ ಎಂಬುದನ್ನು ಹಿಂತೆಗೆದುಕೊಳ್ಳುತ್ತೇನೆ. ಕುದುರೆಯ ಮಾತು ಮಾತ್ರ ಇನ್ನೂ ಚುಚ್ಚುತ್ತಿದೆ.

ನೇರಮಾತು
ನನಗೆ ಈ ಲೆಕ್ಕ ತಿಳಿಯಲಿಲ್ಲ. ಆದರೆ ನನ್ನನ್ನು ಹಂಗಿಸುವವರಿಗೆ ಒಂದು ಮಾತು. ನಮ್ಮ ತಂದೆ ಅಂದರ್ ಬಾಹರ್‌ನಲ್ಲಿ ಎರಡು ಎಕರೆ ಗದ್ದೆ ಕಳೆದರು. ನಮ್ಮ ಮನೆಯಲ್ಲಿ ಇಸ್ಪೀಟು ಎಂಬ ಪದವನ್ನು ಆಡುತ್ತಿರಲಿಲ್ಲ. ಮೊನ್ನೆ ಮೊನ್ನೆವರೆಗೆ ನನ್ನ ತಂಗಿಯ ಮಗ ಮೊಬೈಲ್ ರಮ್ಮಿಯಲ್ಲಿ ಸಂಬಳ ಸುರಿಯುತ್ತಿದ್ದ. 2025ರಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಾಗ ನಾನು ಬೀದಿಗೆಲ್ಲ ಸಿಹಿ ಹಂಚಿದವನು. ನಿಮ್ಮ ಆಟದಲ್ಲಿ ಹಣ ಕಟ್ಟುವುದಿಲ್ಲವೇ?

ಮಲ್ಲೇಶ್ವರದ ಹಳಬ
ಡ್ಯೂಪ್ಲಿಕೇಟ್ ಸ್ಪರ್ಧೆಯಲ್ಲಿ ಪ್ರವೇಶ ಶುಲ್ಕವಿರುತ್ತದೆ, ಕೆಲವು ಕಡೆ ಗೆದ್ದವರಿಗೆ ಬಹುಮಾನವಿರುತ್ತದೆ, ಎಲ್ಲ ಕ್ರೀಡೆಗಳ ಹಾಗೆ. ಎಲೆಯ ಮೇಲೆ ಪಣ ಕಟ್ಟುವುದಿಲ್ಲ. ನಿಮ್ಮ ಕೋಪಕ್ಕೆ ಕಾರಣವಿದೆ, ಒಪ್ಪುತ್ತೇನೆ. ಆ ಗದ್ದೆಯ ಸಿಟ್ಟನ್ನು ಈ ಹುಡುಗನ ಮೇಲೆ ಹಾಕಬೇಡಿ.

ನೇರಮಾತು
ಹಾಕುವುದಿಲ್ಲ. ಆದರೂ ಪರೀಕ್ಷೆ ಮುಗಿಯುವವರೆಗೆ ಆಡದಿದ್ದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕಳಾವರ್ ರಾಣಿ
ಇದೊಂದಕ್ಕೆ ನನ್ನದೂ ಅರ್ಧ ಒಪ್ಪಿಗೆ. ದಿನಕ್ಕೆ ಐವತ್ತು ಬೋರ್ಡ್ ಎಂದರೆ, ಬೋರ್ಡಿಗೆ ಏಳೆಂಟು ನಿಮಿಷ ಹಿಡಿದರೂ ಆರು ಗಂಟೆ ದಾಟುತ್ತದೆ. ಅದಾದ ಮೇಲೆ ಊಟದ ಮೇಜಿನಲ್ಲಿ ಪೋಸ್ಟ್‌ಮಾರ್ಟಂ, ಕೋಣೆಗೆ ಬಂದು ಮೊಬೈಲಿನಲ್ಲಿ ಬ್ರಿಜ್ ಬೇಸ್. ನಮ್ಮೆದುರು ಆಡುವವರಲ್ಲಿ ಎಷ್ಟೋ ಜನ ನಿವೃತ್ತರು, ಅವರಿಗೆ ಸೋಮವಾರ ಇಂಟರ್ನಲ್ಸ್ ಇರುವುದಿಲ್ಲ. ಸಭಾಂಗಣದಲ್ಲಿ ನಮ್ಮ ವಯಸ್ಸಿನವರು ಬೆರಳೆಣಿಕೆ. ಸೋತ ರಾತ್ರಿ ಯಾರೊಂದಿಗೆ ಮಾತಾಡುವುದು? ಬ್ರಿಜ್ ಗೊತ್ತಿರುವವರು ಅಜ್ಜನ ವಯಸ್ಸಿನವರು, ನಮ್ಮ ವಯಸ್ಸಿನವರಿಗೆ ಬ್ರಿಜ್ ಗೊತ್ತಿಲ್ಲ.

ಅಟ್ಲಾಂಟದ ಕನ್ನಡಿಗ
ಇಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ, ಊರು ದಾವಣಗೆರೆ. ಅಮೆರಿಕದ ಬ್ರಿಜ್ ಸಂಸ್ಥೆ ಕಾಲೇಜು ತಂಡಗಳಿಗೆಂದೇ ಸ್ಪರ್ಧೆ ನಡೆಸುತ್ತದೆ. ಟೇಬಲಿನಲ್ಲಿ ಒರಟಾಗಿ ನಡೆದುಕೊಂಡರೆ ಅಂಕ ಕಳೆಯುವ ‘ಝೀರೋ ಟಾಲರೆನ್ಸ್’ ನಿಯಮವೂ ಇದೆ. ಆದರೆ ನಿಯಮ ಕಾಯುವುದು ಬೈಗುಳದಿಂದ ಮಾತ್ರ. ಮೌನದಿಂದ ಕಾಯುವ ನಿಯಮ ಎಲ್ಲೂ ಇಲ್ಲ.

ಕಳೆದ ವರ್ಷ ನನಗೂ ಹೀಗೆಯೇ ಆಗಿ ವಿಶ್ವವಿದ್ಯಾಲಯದ ಸಮಾಲೋಚಕಿಯ ಬಳಿ ಹೋದೆ, ನಾಲ್ಕು ವಾರ ಕಾಯಿಸಿದ ಮೇಲೆ. ಆಕೆಗೆ ಬ್ರಿಜ್ ಗೊತ್ತಿರಲಿಲ್ಲ. ಮೊದಲ ಭೇಟಿಯ ಅರ್ಧ ಸಮಯ ಆಟ ವಿವರಿಸುವುದರಲ್ಲೇ ಕಳೆಯಿತು, ಹಣ ವ್ಯರ್ಥ ಎಂದುಕೊಂಡೆ. ಡಮ್ಮಿ ಎಂದರೇನು ಎಂದು ಕೇಳಿದರು. ‘ಬಿಡ್ಡಿಂಗ್ ಮುಗಿದ ಮೇಲೆ ಜೋಡಿಯಲ್ಲಿ ಒಬ್ಬ ಆಡುತ್ತಾನೆ. ಇನ್ನೊಬ್ಬ ತನ್ನ ಎಲೆಗಳನ್ನು ಮೇಜಿನ ಮೇಲೆ ಹರಡಿ ಸುಮ್ಮನೆ ಕೂರಬೇಕು, ಯಾವ ಎಲೆ ಆಡು ಎಂದು ಹೇಳುವಂತಿಲ್ಲ, ಮುಖದಲ್ಲೂ ತೋರಿಸುವಂತಿಲ್ಲ’ ಎಂದೆ. ಆಕೆ, ‘ಹಾಗೆ ಕೂತಾಗ ನಿನಗೆ ಹೇಗಾಗುತ್ತದೆ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅದುವರೆಗೆ ನಾನು ಆಡಿದ ಕೈಗಳನ್ನಷ್ಟೇ ನೆನೆಯುತ್ತಿದ್ದೆ.

ಹದಿಮೂರು ಎಲೆ, ಆ ಆರು ಇಸ್ಪೀಟ್ ಕೈಯಲ್ಲಿ ಡಮ್ಮಿ ನಿಮ್ಮ ಹುಬ್ಬಳ್ಳಿ ಗೆಳೆಯ ಅಲ್ಲವೇ? ಅವನೂ ಎಣಿಸುತ್ತಿದ್ದಿರಬಹುದು. ಆ ಕಳಾವರ್ ಗುಲಾಮ ಅವನದೇ. ಬಾಯಿ ಬಿಡದೆ ಕೂರಬೇಕಾದವನು ಇನ್ನೂ ಹಾಗೆಯೇ ಕೂತಿದ್ದಾನೇನೋ, ಕೇಳಿ ನೋಡಿ.

ಶಿರಸಿಯ ಅಮ್ಮ
ಇದು ನನಗೆ ತಟ್ಟಿತು. ಮಕ್ಕಳನ್ನು ಪರದೇಶಕ್ಕೆ ಕಳಿಸಿದ ಎಲ್ಲ ಅಮ್ಮಂದಿರೂ ಡಮ್ಮಿಗಳೇ.

ಸುಮ್ಮನೆ ಓದುಗ
ಅಮ್ಮಾ, ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣವೇ? ನನ್ನ ತಾಯಿಯೂ ಬಂದು ಬರೆಯುತ್ತಾರೆ.

ಮೈಸೂರು ಮನೋವೈದ್ಯೆ
ಗೆಳೆಯನೊಡನೆ ಮಾತಾಡುವುದು ಒಳ್ಳೆಯದು, ಸಮಾಲೋಚನೆಗೆ ಅದು ಬದಲಿಯಲ್ಲ. ಎರಡೂ ಆಗಲಿ. ಬೀಗ ಹಾಕಿದ ಕೋಣೆಗಾಗಿ ಕಾಯಬೇಡಿ. ಬೆಂಗಳೂರಿನಲ್ಲಿದ್ದೀರಿ, ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ಹೋಗಬಹುದು. ಮನೋವೈದ್ಯರನ್ನು ಕಂಡವರಿಗೆಲ್ಲ ಮಾತ್ರೆ ಬರೆಯುತ್ತಾರೆ ಎಂದು ಹೆದರಬೇಡಿ. ಆಟದ ಬಗ್ಗೆ ಹೇಳುವುದಾದರೆ, ರಾತ್ರಿ ಮೊಬೈಲಿನಲ್ಲಿ ಆಡುವುದನ್ನು ಮೊದಲು ನಿಲ್ಲಿಸಿ, ಹಗಲಿನದನ್ನು ಆಮೇಲೆ ನೋಡೋಣ.

ಅಟ್ಲಾಂಟದ ಕನ್ನಡಿಗ
ಆಸಕ್ತರಿಗೆ: ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಸಮಂತಾ ಪಂಚ್ ಎಂಬ ಸಮಾಜಶಾಸ್ತ್ರಜ್ಞೆ ಬ್ರಿಜ್ ಆಟವನ್ನೇ ಸಂಶೋಧನೆಯ ವಿಷಯ ಮಾಡಿಕೊಂಡಿದ್ದಾರೆ, ಜೋಡಿಗಳ ನಡುವಿನ ಸಂಬಂಧವೂ ಅದರಲ್ಲಿದೆ. ಸ್ವತಃ ಅಂತರರಾಷ್ಟ್ರೀಯ ಆಟಗಾರ್ತಿ. ನಾವು ಕಾಫಿಯಲ್ಲಿ ಕರಗಿಸುವುದನ್ನು ಅವರು ಬರೆದಿಡುತ್ತಿದ್ದಾರೆ.

ಮಲ್ಲೇಶ್ವರದ ಹಳಬ
ಹುಡುಗನಿಗೆ ಕೊನೆಯದಾಗಿ ಒಂದು. ಜಕಾರ್ತದಲ್ಲಿ ಚಿನ್ನ ಗೆದ್ದಾಗ ಬರ್ಧನ್ ಅವರಿಗೆ 60 ವರ್ಷ, ಸರ್ಕಾರ್ ಅವರಿಗೆ 56. ನಿನಗೆ ಇನ್ನೂ ನಲವತ್ತು ವರ್ಷವಿದೆ, ಈ ಸೆಮಿಸ್ಟರಿನಲ್ಲೇ ಎಲ್ಲ ಆಗಬೇಕಾಗಿಲ್ಲ.

ಹದಿಮೂರು ಎಲೆ
ಮೂರು ದಿನದ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ.

14416ಕ್ಕೆ ಕರೆ ಮಾಡಿದೆ. ಇಪ್ಪತ್ತು ನಿಮಿಷ ಮಾತಾಡಿದರು. ಗುರುವಾರ ಸಮಾಲೋಚಕರೊಬ್ಬರನ್ನು ನೋಡುತ್ತಿದ್ದೇನೆ. ಅಮ್ಮನಿಗೆ ಹೇಳಿದೆ. ‘ಇಸ್ಪೀಟಾ?’ ಎಂದು ಸುಮ್ಮನಾದರು, ಆಮೇಲೆ ‘ಊಟ ಮಾಡಿದೆಯಾ?’ ಎಂದರು. ಅಪ್ಪನಿಗೆ ತಾನು ಹೇಳುತ್ತೇನೆ ಎಂದಿದ್ದಾರೆ, ನೋಡೋಣ.

ಜೊತೆಗಾರನ ಕೋಣೆಗೂ ಹೋದೆ. ‘ಡಮ್ಮಿ ಇಟ್ಟು ಕೂತಾಗ ಏನೆನಿಸಿತು’ ಎಂದು ಕೇಳಿದೆ. ಅವನು ಕೈಯ ವಿಷಯ ಮಾತಾಡಲೇ ಇಲ್ಲ. ಪರೀಕ್ಷೆಯಲ್ಲಿ ಎರಡು ವಿಷಯ ಬಾಕಿ ಉಳಿದಿವೆಯಂತೆ, ಪಂದ್ಯಕ್ಕೆ ಹೊರಡುವ ಹಿಂದಿನ ದಿನ ಫಲಿತಾಂಶ ಬಂದಿತ್ತಂತೆ. ನನ್ನ ಆಟ ಕೆಡುತ್ತದೆ ಎಂದು ಹೇಳಿರಲಿಲ್ಲ. ಈ ಸೆಮಿಸ್ಟರ್ ಆಡುವುದಿಲ್ಲ ಎಂದ. ನನಗೆ ಬೇಸರವಾಯಿತು, ನಿಜ ಹೇಳಬೇಕೆಂದರೆ ಸ್ವಲ್ಪ ಹಗುರವೂ ಆಯಿತು. ನಿನ್ನೆ ಐದು ಗಂಟೆವರೆಗೆ ನಿದ್ದೆ ಬಂತು.

ಶಿರಸಿಯ ಅಮ್ಮ
ಅವನನ್ನೂ ಊಟಕ್ಕೆ ಕರೆದುಕೊಂಡು ಹೋಗು, ಮಗೂ.

ಲೆಕ್ಕದ ಮೇಷ್ಟ್ರು
ಸಂತೋಷ. ಒಂದೇ ಸಂದೇಹ ಉಳಿದಿದೆ. ಫಿನೆಸ್ ಮಾಡುವ ಮೊದಲು ಎಕ್ಕ ಆಡಿದ್ದೆಯಾ, ಇಲ್ಲ ನೇರವಾಗಿ ಸಣ್ಣ ಎಲೆಯಿಂದ ಹತ್ತಕ್ಕೆ ಹೋದೆಯಾ?

ಹದಿಮೂರು ಎಲೆ
ಮೇಷ್ಟ್ರೇ, ಮುಚ್ಚಿಟ್ಟಿದ್ದೇನೆ.